ಸತ್ಯಾಂಶ: ಬೆಂಜೀನ್ ಉಂಗುರ ಇದ್ದದ್ದೆಲ್ಲ ಕ್ಯಾನ್ಸರ್ ತರುತ್ತಾ?

"ಪ್ಯಾರಾಸಿಟಮಾಲ್‌ನಲ್ಲಿ, ವೆನಿಲ್ಲಾ ಐಸ್‌ಕ್ರೀಮ್‌ನಲ್ಲಿ ಬೆಂಜೀನ್ ಇದೆ, ಕ್ಯಾನ್ಸರ್ ಬರುತ್ತೆ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಬೆಂಜೀನ್ ಅನ್ನೋ ರಾಸಾಯನಿಕ ರಕ್ತದ ಕ್ಯಾನ್ಸರ್ ತರಬಲ್ಲದು, ಅದು ನಿಜ. ಆದರೆ ಮಾತ್ರೆಯಲ್ಲಿರುವುದು ಬೇರೆಯೇ ಅಣು. ಬೆಂಜೀನ್‌ನಂಥ ಉಂಗುರ ಅದರ ಒಂದು ಭಾಗ, ಅಷ್ಟೇ.

ಈ ಚಪ್ಪಟೆ ಉಂಗುರದಲ್ಲಿ ಆರು ಕಾರ್ಬನ್‌ಗಳಿವೆ. ಆರು ಪೈ ಎಲೆಕ್ಟ್ರಾನ್‌ಗಳು (ದ್ವಿಬಂಧಗಳ ಸಡಿಲ ಎಲೆಕ್ಟ್ರಾನ್‌ಗಳು) ಇಡೀ ಉಂಗುರಕ್ಕೆ ಹರಡಿಕೊಂಡು ಅದನ್ನು ಗಟ್ಟಿ ಮಾಡುತ್ತವೆ. ಇಂಥ ಉಂಗುರಗಳಿಗೆ ರಸಾಯನಶಾಸ್ತ್ರದಲ್ಲಿ ಆರೊಮ್ಯಾಟಿಕ್ ಅನ್ನುತ್ತಾರೆ. ಸೈಕ್ಲೋಹೆಕ್ಸೇನ್‌ನಲ್ಲೂ ಆರು ಕಾರ್ಬನ್‌ಗಳ ಉಂಗುರವೇ ಇದೆ, ಆದರೆ ಪೈ ಎಲೆಕ್ಟ್ರಾನ್ ಇಲ್ಲ, ಹಾಗಾಗಿ ಈ ಗುಂಪಿಗೆ ಸೇರುವುದಿಲ್ಲ. ಪಿರಿಡೀನ್‌ನಲ್ಲಿ ಒಂದು ಕಾರ್ಬನ್ ಜಾಗದಲ್ಲಿ ನೈಟ್ರೋಜನ್ ಕೂತಿದೆ, ಆದರೂ ಸೇರುತ್ತದೆ. ವಿಷವೋ ಅಲ್ಲವೋ ಅನ್ನುವುದು ಈ ವಿಂಗಡಣೆಯಿಂದ ಗೊತ್ತಾಗುವುದಿಲ್ಲ.

ಅದು ಗೊತ್ತಾಗುವುದು ಲಿವರ್‌ನಲ್ಲಿ. ಬೆಂಜೀನ್‌ಗೆ ಹಿಡಿಯಲು ಬಾಲವೇ ಇಲ್ಲ, ಅಂದರೆ ಉಂಗುರಕ್ಕೆ ಅಂಟಿದ ಬೇರೆ ಗುಂಪೇ ಇಲ್ಲ. ಲಿವರ್ ನೇರವಾಗಿ ಉಂಗುರಕ್ಕೇ ಕೈಹಾಕುತ್ತದೆ, ಆಗ ಹುಟ್ಟುವ ವಸ್ತುಗಳು ಮೂಳೆಯ ಮಜ್ಜೆಯನ್ನು ಕೆಡಿಸುತ್ತವೆ. ಟಾಲೀನ್ (toluene) ಅನ್ನೋ ದ್ರಾವಕ ಅಂದರೆ ಅದೇ ಉಂಗುರ, ಜೊತೆಗೊಂದು ಮಿಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್). ಲಿವರ್ ಮೊದಲು ಆ ಮಿಥೈಲನ್ನು ಹಿಡಿದು ಬೆಂಜೋಯಿಕ್ ಆಮ್ಲ ಮಾಡುತ್ತದೆ. ಅದು ಗ್ಲೈಸೀನ್ ಅನ್ನೋ ಅಮೈನೋ ಆಮ್ಲದ ಜೊತೆ ಸೇರಿ ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೋಗುತ್ತದೆ. ಟಾಲೀನ್ ಒಳ್ಳೆಯದು ಅಂತಲ್ಲ, ಅದರ ಆವಿ ನರಗಳಿಗೆ ಕೆಟ್ಟದ್ದು. ಆದರೆ ಒಂದೇ ಒಂದು ಗುಂಪು ಎಷ್ಟು ಬದಲಿಸಿತು ನೋಡಿ!

ಬೇಳೆ, ಹಾಲಿನ ಪ್ರೋಟೀನ್‌ನಲ್ಲಿರುವ ಫಿನೈಲ್‌ಅಲನೀನ್ ಅನ್ನೋ ಅಮೈನೋ ಆಮ್ಲದಲ್ಲೂ ಇದೇ ಉಂಗುರ ಇದೆ. ಅದು ದೇಹಕ್ಕೆ ಬೇಕೇ ಬೇಕು.

ನಿಜವಾದ ಬೆಂಜೀನ್ ಸಿಗರೇಟ್ ಹೊಗೆಯಲ್ಲಿದೆ, ಪೆಟ್ರೋಲ್‌ನಲ್ಲಿದೆ. ಬಿಎಸ್-6 (ಭಾರತದ ಮಾಲಿನ್ಯ ಮಾನದಂಡ) ಪೆಟ್ರೋಲ್‌ನಲ್ಲೂ ಶೇ. 1ರವರೆಗೆ ಇರಬಹುದು. ಗ್ಯಾರೇಜ್‌ಗಳಲ್ಲಿ ಗ್ರೀಸ್ ಕೈಯನ್ನು ಪೆಟ್ರೋಲ್‌ನಲ್ಲಿ ತೊಳೆಯುವ ಹುಡುಗರಿಗೆ ದಯವಿಟ್ಟು ಇದನ್ನು ಹೇಳಿ.