ಲೈಟ್ ಮಾರುವವನ ಕತ್ತಲೆ ಪುರಾಣ

ಮುಂಬಯಿಯ ಲೈಟ್ ಬಜಾರು ಲೋಹಾರ್ ಚಾಳ್‌ನಲ್ಲಿ 22 ವರ್ಷದಿಂದ ಲೈಟ್ ಮಾರುತ್ತಿದ್ದೇನೆ. ಆದ್ರೂ ಹೇಳ್ತೀನಿ, ನಗಬೇಡಿ: ಮುಂಬಯಿಯಲ್ಲಿ ಬೆಳಕಿನ ಕಲೆ ತೋರಿಸೋದಿದ್ರೆ ಮೊದಲು ಲೈಟ್ ಆರಿಸೋದು ಕಲೀಬೇಕು.

ಹೋದ ವರ್ಷ ಅಕ್ಕನ ಮಗ ಫೋರ್ಟ್ ಏರಿಯಾದ ಒಂದು ಹಳೇ ಕಟ್ಟಡದ ಅಂಗಳದಲ್ಲಿ ಇನ್‌ಸ್ಟಲೇಶನ್, ಅಂದರೆ ಜಾಗದಲ್ಲೇ ಜೋಡಿಸಿಡೋ ಕಲಾಕೃತಿ, ಇಟ್ಟಿದ್ದ. ಮಾಟುಂಗಾದ ಹೋಟೆಲಿನವರು ಮೂಲೆಗೆ ಹಾಕಿದ್ದ ಕಾಫಿ ಲೋಟಗಳು, 300. ಒಂದೊಂದಕ್ಕೂ ಡ್ರಿಲ್‌ನಲ್ಲಿ ತೂತು ಕೊರೆದು, ಒಳಗೆ ಬ್ಯಾಟರಿಯ ಪುಟಾಣಿ ಎಲ್‌ಇಡಿ. 2700 ಕೆಲ್ವಿನ್, ಅಂದರೆ ಹಳೇ ಬಲ್ಬಿನ ಹಳದಿ. 6500ರ ಬಿಳಿ ಹಾಕು ಮಾರಾಯ, ಅಂಗಡಿಯಲ್ಲಿ ರಾಶಿ ಬಿದ್ದಿದೆ ಅಂದೆ. ಕೇಳಲಿಲ್ಲ. ಅವನೇ ಸರಿ. ಡೊಂಬಿವಲಿಯ ಮನೆಯಲ್ಲಿ ದೀಪ ಆರಿಸಿ ಹಚ್ಚಿ ನೋಡಿದರೆ ಗೋಡೆ ತುಂಬಾ ಚುಕ್ಕಿ. ಅಮ್ಮ ಅಡುಗೆಮನೆಯಿಂದ ಬಂದವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

ಅಲ್ಲಿ? ಎದುರಿಗೇ 200 ವ್ಯಾಟಿನ ಫ್ಲಡ್‌ಲೈಟ್. ಚುಕ್ಕಿ ಮಾಯ, ಲೋಟ ಮಾತ್ರ. ಆರಿಸಪ್ಪಾ ಅಂದರೆ ವಾಚ್‌ಮನ್, "ಊಪರ್ ಸೇ ಆರ್ಡರ್ ನಹೀ ಹೈ." ಮೂರು ದಿನ ಜನ ಬಂದರು, ಸೆಲ್ಫಿ ತೆಗೆದರು, ಹೋದರು. ಒಬ್ಬರಂತೂ ಪಾತ್ರೆ ಅಂಗಡಿಯ ಜಾಹೀರಾತಾ ಅಂತ ಕೇಳಿದರು.

ವಾಪಸ್ ಬರುವಾಗ ಲೋಕಲ್‌ನಲ್ಲಿ ಹುಡುಗ ಫ್ರಾನ್ಸಿನ ಲಿಯೋನ್ ಊರಿನ ಕಥೆ ಹೇಳಿದ. 1852ರ ಸೆಪ್ಟೆಂಬರ್ 8ಕ್ಕೆ ಬೆಟ್ಟದ ಮೇಲೆ ಮೇರಿಯಮ್ಮನ ಮೂರ್ತಿ ಅನಾವರಣ ಆಗಬೇಕಿತ್ತಂತೆ. ನದಿಗೆ ನೆರೆ ಬಂದು ಡಿಸೆಂಬರ್ 8ಕ್ಕೆ ಹೋಯಿತು. ಅವತ್ತೂ ಮಳೆಗಾಳಿ. ಸಂಜೆ ಆಕಾಶ ತೆರವಾಗಿದ್ದೇ ಜನ ತಾವಾಗೇ ಕಿಟಕಿಗೆ ಮೇಣದಬತ್ತಿ ಹಚ್ಚಿಟ್ಟರು. ಈಗ ಅದು ನಾಲ್ಕು ದಿನದ ಹಬ್ಬ, ದೊಡ್ಡ ದೊಡ್ಡ ಕಟ್ಟಡಗಳ ಮೇಲೆಲ್ಲ ಪ್ರೊಜೆಕ್ಟರ್, ಲಕ್ಷಗಟ್ಟಲೆ ಜನ. 2015ರಲ್ಲಿ ಪ್ಯಾರಿಸ್‌ನಲ್ಲಿ ಉಗ್ರರ ದಾಳಿ ಆದ ಮೇಲೆ ಆ ವರ್ಷ ದೊಡ್ಡ ಶೋಗಳೆಲ್ಲ ರದ್ದು. ಕಿಟಕಿಯ ದೀಪ ಮಾತ್ರ ನಿಲ್ಲಲಿಲ್ಲ. ನಮ್ಮ ಗೂಡುದೀಪದ ಹಾಗೇ ಅಲ್ವಾ, ಮನೆಯವರೇ ಹಚ್ಚೋದು.

ನಮಗೂ ಅಂಥ ಜಾಗ ಇದೆ. ವಾಲ್ಕೇಶ್ವರದ ಬಾಣಗಂಗಾ. ಕಾರ್ತಿಕ ಹುಣ್ಣಿಮೆಗೆ ಕೆರೆಯ ಮೆಟ್ಟಿಲ ತುಂಬಾ ಹಣತೆ. ಗಾಳಿ ಬೀಸಿದರೆ ಗುರುತಿಲ್ಲದವರ ಹಣತೆಗೂ ಜನ ಅಂಗೈ ಅಡ್ಡ ಹಿಡಿಯುತ್ತಾರೆ. (ಎಣ್ಣೆ ಚೆಲ್ಲಿ ಕಾಲು ಜಾರುತ್ತೆ, ಹುಷಾರು.) ಅಲ್ಲಿಗೆ ಹೊಸ ಕಲಾವಿದರು ಬರಬಾರದು ಅನ್ನೋ ಮಡಿ ನನಗಿಲ್ಲ. ಬರಲಿ. ಆದರೆ ನೀರಿನ ಮೇಲೆ ಲೇಸರ್ ಕುಣಿಸಿದರೆ ಹಣತೆ ಯಾರ ಕಣ್ಣಿಗೆ ಬೀಳುತ್ತೆ? ಅನುಮತಿ ಕೊಡುವವರು ಸುತ್ತಲಿನ ಫ್ಲಡ್‌ಲೈಟ್ ಒಂದು ಗಂಟೆ ಆರಿಸ್ತೀವಿ ಅಂತಲೂ ಬರೆದುಕೊಡಲಿ. ಕತ್ತಲಲ್ಲಿ ನೂಕುನುಗ್ಗಲು ಆಗುತ್ತೆ ಅಂತೀರಿ, ಒಪ್ಪಿದೆ. ಮೆಟ್ಟಿಲ ಬುಡದಲ್ಲಿ, ಕಾಲಿನ ಹತ್ತಿರ ಮಾತ್ರ ಬೀಳುವ ಸಣ್ಣ ಲೈಟ್ ಹಾಕಬಹುದು. ಸ್ಟಾಕ್ ನನ್ನಲ್ಲೇ ಇದೆ!

ಆ 300 ಲೋಟ ಈಗ ನಮ್ಮ ಮನೆ ಅಟ್ಟದಲ್ಲಿವೆ. ನಿನ್ನೆ ಒಬ್ಬ ಗಿರಾಕಿ ಬಂದು 200 ವ್ಯಾಟಿನ ಫ್ಲಡ್‌ಲೈಟ್ ನಾಲ್ಕು ಕೇಳಿದ. ಎಲ್ಲಿಗೆ ಅಂದೆ. ದೇವಸ್ಥಾನದ ದೀಪೋತ್ಸವಕ್ಕೆ ಅಂದ. ಬಿಲ್ ಹಾಕಿ ಕೊಟ್ಟೆ.