ರಾತ್ರಿ ಹಿನ್ನೀರಿನಲ್ಲಿ ಕಾಣುವುದು, ಕೇಳುವುದು ದೆವ್ವವೇ?

ಪರ: ಹೌದು, ಅಲ್ಲಿ ನಮ್ಮವರಿದ್ದಾರೆ

ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ಮೂವತ್ತು ವರ್ಷದಿಂದ ಮೀನು ಹಿಡಿಯುತ್ತಿದ್ದೇನೆ. ಸಂಜೆ ಬಲೆ ಬಿಡುವುದು, ರಾತ್ರಿ ತೆಪ್ಪದಲ್ಲೋ ದಡದಲ್ಲೋ ಕಾಯುವುದು, ಬೆಳಗಿನ ಜಾವ ಎತ್ತುವುದು. ನೀರುನಾಯಿ ಸಿಳ್ಳೆ ಹಾಕುವುದು ನನಗೆ ಗೊತ್ತು. ಬಲೆ ಹರಿದು, ಅರ್ಧ ತಿಂದ ಮೀನು ಬಿಟ್ಟು ಹೋಗುವುದೂ ಗೊತ್ತು. ಟಾರ್ಚ್ ಬಿಟ್ಟರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಮೀನುಗೂಬೆ ಮತ್ತಿಮರದಲ್ಲಿ ಕೂತು ‘ಬೂಂ’ ಎಂದರೆ ಹೊಸಬರ ಎದೆ ನಡುಗುತ್ತದೆ. ನಮಗೆ ಅದು ಪಕ್ಕದ ಮನೆಯವರು ಕೆಮ್ಮಿದ ಹಾಗೆ. ಇಷ್ಟೆಲ್ಲ ಗೊತ್ತಿರುವವನು ಒಂದು ರಾತ್ರಿ ‘ಇದು ಅದಲ್ಲ’ ಎಂದರೆ ಆ ಮಾತಿಗೆ ಬೆಲೆ ಬೇಡವಾ?

ಬೆಲೆ ಕೊಡುವುದಿಲ್ಲ. ಕಂಡೆ ಎಂದರೆ ‘ಕುಡಿದಿದ್ದ’ ಅನ್ನುತ್ತಾರೆ. ಕುಡಿಯುವವನಲ್ಲ ಎಂದರೆ ‘ನಿದ್ದೆಗಣ್ಣು’ ಅನ್ನುತ್ತಾರೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಒಂದು ರಾತ್ರಿ ತೆಪ್ಪದಲ್ಲಿ ಕೂತಿದ್ದಾರಾ? ಫ್ಯಾನ್ ಕೆಳಗೆ ಕೂತು ಹೊಳೆಯ ವಿಷಯ ತೀರ್ಮಾನ ಮಾಡುತ್ತಾರೆ.

ಈ ನೀರು ಎಲ್ಲಾ ನೀರಿನ ಹಾಗಲ್ಲ. 1979ರಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿಯಿತು. 2922 ಅಡಿ ತುಂಬಿದರೆ 37 ಟಿಎಂಸಿ ಎಂದು ಪ್ರತಿ ಮಳೆಗಾಲ ಪೇಪರಿನಲ್ಲಿ ಬರುತ್ತದೆ. ಆ ನೀರಿನ ಅಡಿಯಲ್ಲಿ ಊರುಗಳಿವೆ. ಶೆಟ್ಟಿಹಳ್ಳಿ ಚರ್ಚ್ ಎಲ್ಲರಿಗೂ ಗೊತ್ತು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಜನ ಎಲ್ಲೆಲ್ಲಿಂದಲೋ ಬಂದು ಫೋಟೋ ತೆಗೆದುಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಅಂಥ ದೊಡ್ಡ ಕಟ್ಟಡ ಇರಲಿಲ್ಲ. ಮಣ್ಣಿನ ಗೋಡೆ ಕರಗಿ ಹೋಯಿತು. ಅದನ್ನು ನೋಡಲು ಯಾರೂ ಬರುವುದಿಲ್ಲ.

ಆಗ ನನಗೆ ಹತ್ತೊಂಬತ್ತು ವರ್ಷ. ಮಾರ್ಚ್ ತಿಂಗಳು, ನೀರು ಇಳಿದಿತ್ತು. ಅಪ್ಪ, ನಾನು ಇಬ್ಬರೇ ತೆಪ್ಪದಲ್ಲಿದ್ದೆವು. ಗಾಳಿ ನಿಂತಿತ್ತು. ಅಪ್ಪ ಬೀಡಿ ಹಚ್ಚಿದ್ದರು. ಆಗ ಕೇಳಿಸಿತು. ಧಡ್, ಧಡ್, ಧಡ್. ಒನಕೆ ಪೆಟ್ಟು. ದಡದ ಕಡೆಯಿಂದಲ್ಲ, ನಮ್ಮ ಕೆಳಗಿನಿಂದ. ತೆಪ್ಪದ ತಳಕ್ಕೆ ಕೈ ಇಟ್ಟೆ. ಬೆರಳಿಗೂ ಆ ಪೆಟ್ಟು ತಾಕುತ್ತಿತ್ತು. ಏಳೆಂಟು ಪೆಟ್ಟು ಬೀಳುತ್ತಿತ್ತು, ನಿಲ್ಲುತ್ತಿತ್ತು. ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಏಳೆಂಟು. ಅಪ್ಪನ ಬೀಡಿ ಬಾಯಿಯಲ್ಲೇ ಆರಿತು. ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಬಲೆ ಎತ್ತದೆ ಹುಟ್ಟು ಹಾಕಿ ದಡಕ್ಕೆ ಬಂದೆವು.

ಬೆಳಿಗ್ಗೆ ಅಪ್ಪ ಇನ್ನೂ ಮಲಗಿದ್ದರು. ಅಮ್ಮನಿಗೆ ನಾನೊಬ್ಬನೇ ಹೇಳಿದೆ. ಅಮ್ಮ ರೊಟ್ಟಿ ತಟ್ಟುವುದು ನಿಲ್ಲಿಸಿ ಕೇಳಿದರು, “ನಡುನಡುವೆ ನಿಲ್ತಿತ್ತೇನ್ಲಾ?” ಹೌದು ಎಂದೆ. “ನಿಮ್ಮಜ್ಜಿ ಹಂಗೇ ಕುಟ್ತಿದ್ದಿದ್ದು. ಎಡ ಭುಜದಲ್ಲಿ ಬಲ ಇರ್ಲಿಲ್ಲ.”

ನಾನು ಹುಟ್ಟುವ ಮೊದಲೇ ಅಜ್ಜಿ ಸತ್ತಿದ್ದರು. ಅವರು ಹೇಗೆ ಭತ್ತ ಕುಟ್ಟುತ್ತಿದ್ದರು ಎಂದು ನನಗೆ ಯಾರೂ ಹೇಳಿರಲಿಲ್ಲ. ಅವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರು. ನಮಗೆ ಬೇರೆ ಕಡೆ ಜಮೀನು ಕೊಟ್ಟರು, ನಾವು ಹೊರಟು ಬಂದೆವು. ಅಜ್ಜಿಯನ್ನು ಕರೆದುಕೊಂಡು ಬರಲಿಲ್ಲ.

ಇಂಥ ನಂಬಿಕೆಯಿಂದ ಜನ ಹೆದರಿ ಅನಾಹುತ ಆಗುತ್ತದೆ ಎನ್ನುವವರಿದ್ದಾರೆ. ಹೆದರುವವರು ರಾತ್ರಿ ನೀರಿಗೆ ಇಳಿಯಬಾರದು, ಅಷ್ಟೇ. ನನಗೆ ಆವತ್ತು ಹೆದರಿಕೆ ಆಗಲಿಲ್ಲ. ಅಪ್ಪ ಮಾತ್ರ ಮೂರು ದಿನ ಹೊಳೆ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಹೋಗುವಾಗ ಎಲೆ ಅಡಿಕೆ ಕಟ್ಟಿಕೊಂಡು ಹೋದರು. ನೀರಿಗೆ ಬಿಟ್ಟು ಆಮೇಲೆ ಬಲೆ ಹಾಕಿದರು. ಈಗ ನಾನು ಹಾಕುವ ಮೊದಲು ಬಿಡುತ್ತೇನೆ.

ವಿರೋಧ: ಕಣ್ಣು, ಕಿವಿ ರಾತ್ರಿ ಮೋಸ ಮಾಡುತ್ತವೆ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ಎಂದು ಈ ಕಡೆಯಿಂದ ಬರೆಯಲು ನನ್ನನ್ನು ಕೇಳಿದರು. ಒಪ್ಪಿಕೊಂಡಿದ್ದೇನೆ.

ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ನಡುವೆ ಒಮ್ಮೆ ಟಾರ್ಚ್ ಹಾಕಿದರೆ ಮತ್ತೆ ಮೊದಲಿನಿಂದ ಶುರು. ಕತ್ತಲೆಯಲ್ಲಿ ಒಂದೇ ಒಂದು ದೀಪವನ್ನು ದಿಟ್ಟಿಸಿ ನೋಡುತ್ತಿದ್ದರೆ, ಅಲ್ಲಾಡದ ದೀಪವೂ ಅಲ್ಲಾಡಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಬೆಚ್ಚಗಿನ ನೀರಿನ ಮೇಲೆ ತಣ್ಣನೆ ಗಾಳಿ ಹರಿದರೆ ಮಂಜು ಎದ್ದು ನಿಲ್ಲುತ್ತದೆ. ಬಿಳಿ ಸೀರೆಯ ಮೋಹಿನಿ ಅದೇ.

ಶಬ್ದವೂ ಹಾಗೆಯೇ. ರಾತ್ರಿ ನೀರಿಗೆ ತಾಗಿದ ಗಾಳಿ ತಣ್ಣಗಿದ್ದು, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಶಬ್ದ ಮೇಲಕ್ಕೆ ಹೋಗಿ ಚದುರುವುದಿಲ್ಲ, ಬಾಗಿ ಮತ್ತೆ ನೀರಿನ ಕಡೆಗೇ ಬರುತ್ತದೆ. ಆಚೆ ದಡದ ಮಾತು ಪಕ್ಕದಲ್ಲೇ ಕೇಳಿದಂತಾಗುತ್ತದೆ. ಇಬ್ಬರಿಗೂ ಒಟ್ಟಿಗೆ ಕೇಳಿಸಿತು ಎನ್ನುತ್ತಾರೆ. ಒಬ್ಬ ಹೆದರಿ ಕೂಗಿದರೆ ಇನ್ನೊಬ್ಬನಿಗೂ ಹಾಗೇ ಅನಿಸುತ್ತದೆ. ಕುಡಿದಿದ್ದರಂತೂ ಹೇಳುವುದೇ ಬೇಡ.

ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಸಮಿತಿ ಮಾಡಿದ್ದರು. ದೆವ್ವದ ಮಾತಿಗೂ ಅದೇ ಪರೀಕ್ಷೆ ಬೇಕು.

ಇಷ್ಟು ಪಾಠದ ಮಾತು. ನಾನು ನಿಜವಾಗಿ ಹೇಳಬೇಕೆಂದಿರುವುದು ಬೇರೆ. ನನ್ನ ತರಗತಿಯ ಹುಡುಗನೊಬ್ಬನ ಅಪ್ಪ ರಾತ್ರಿ ಬಲೆಗೆ ಹೋದವರು ಮನೆಗೆ ಬರಲಿಲ್ಲ. ಗಾಳಿಗೆ ತೆಪ್ಪ ಮಗುಚಿತ್ತು. ಕಾಲಿಗೆ ಬಲೆ ಸುತ್ತಿಕೊಂಡಿತ್ತು. ಲೈಫ್ ಜಾಕೆಟ್ ಇರಲಿಲ್ಲ. ಊರಿನಲ್ಲಿ ಮಾತ್ರ ಪೀಡೆ ಎಳೆದುಕೊಂಡು ಹೋಯಿತು ಎಂದರು. ಹದಿನೈದು ದಿನ ಬಿಟ್ಟು ಶಾಲೆಗೆ ಬಂದ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ, “ಮಿಸ್, ನಮ್ಮಪ್ಪ ಅದಕ್ಕೆ ಏನ್ ತಪ್ಪು ಮಾಡಿದ್ರು?” ಅವನನ್ನು ಒಳಗೆ ಕರೆದು ಕೂರಿಸಿ, ಗಾಳಿಯ ವಿಷಯ, ಬಲೆಯ ವಿಷಯ ಹೇಳಿದೆ. ತಪ್ಪು ಯಾರದ್ದೂ ಅಲ್ಲ ಕಣೋ ಎಂದೆ. ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಆ ಊರಿನಲ್ಲಿ ಆಮೇಲೂ ಯಾರೂ ಲೈಫ್ ಜಾಕೆಟ್ ತರಲಿಲ್ಲ. ದಡದಲ್ಲಿ ಕೋಳಿ ಕೊಯ್ದರು. ಇದಕ್ಕೇ ನನ್ನ ವಿರೋಧ.

ಒಂದು ವಿಷಯ ಮುಚ್ಚಿಡಬಾರದು. ರಾತ್ರಿ ಹೊತ್ತು ಮೀನು ಮನೆಗೆ ಬಂದರೆ ನನ್ನ ಅಜ್ಜಿ ಹೊಸ್ತಿಲಲ್ಲೇ ನಿಲ್ಲಿಸಿ ಬುಟ್ಟಿಗೆ ಒಂದು ಚೂರು ಇದ್ದಿಲು ಹಾಕುತ್ತಿದ್ದರು. ಹಿಂದೆ ಬಂದದ್ದು ಹಿಂದೆಯೇ ಉಳಿಯಲಿ ಎಂದು. ಈಗ ನನ್ನ ತಮ್ಮ ಯಗಚಿ ಹೊಳೆಯಿಂದ ರಾತ್ರಿ ಮೀನು ತಂದರೆ ನಾನೂ ಹಾಕುತ್ತೇನೆ. ಇದ್ದಿಲು ವಾಸನೆ ಹೀರುತ್ತದೆ ಎಂದು ಮಗಳಿಗೆ ಹೇಳಿದ್ದೇನೆ. ಅದು ನಿಜವೇ. ಆದರೆ ನಾನು ಹಾಕುವುದು ಅಜ್ಜಿ ಹಾಕುತ್ತಿದ್ದ ಕಾರಣಕ್ಕೆ.