ದಂಟಿನ ಸೊಪ್ಪಿಗೊಂದು ಫೈಲು

ಮಿಡಿಸೌತೆಗಿರುವ ಮರ್ಯಾದೆ ನಮ್ಮ ದಂಟಿನ ಸೊಪ್ಪಿಗೆ ಏಳು ಜನ್ಮಕ್ಕೂ ಸಿಗುವುದಿಲ್ಲ. ಮಿಡಿಸೌತೆ ಕರ್ನಾಟಕದ ಹೊಲದಲ್ಲಿ ಹುಟ್ಟಿ, ವಿನೆಗರ್‌ನಲ್ಲಿ ಮುಳುಗಿ, ಪರದೇಶದ ಬರ್ಗರ್ ಸೇರುತ್ತದೆ. ಅಲ್ಲಿಯವರ ಹೊಟ್ಟೆ ತುಂಬಾ ಸೂಕ್ಷ್ಮ. ಹಾಗಾಗಿ ಇಲ್ಲಿ ದಪ್ಪ ಫೈಲು. ಯಾವ ಬಾವಿಯ ನೀರು, ಲ್ಯಾಬ್ ರಿಪೋರ್ಟ್ ಎಲ್ಲಿ, ಯಾವ ಔಷಧಿ ಯಾವತ್ತು ಹೊಡೆದಿರಿ, ಕೊಯ್ಯುವವರಿಗೆ ಶೌಚಾಲಯ ಇದೆಯಾ, ಕೈ ತೊಳೆಯಲು ಸೋಪು ಇಟ್ಟಿದ್ದೀರಾ, ಎಲ್ಲವನ್ನೂ ಬರೆದಿಡಬೇಕು. ಬೇಸಾಯ ಸುರಕ್ಷಿತವಾಗಿ ನಡೆದಿದೆ ಎಂದು ಪರದೇಶದವರು ಒಪ್ಪುವ ಗ್ಲೋಬಲ್ ಗ್ಯಾಪ್ ಸರ್ಟಿಫಿಕೇಟ್ ಬೇಕೆಂದರೆ, ಕೆಟ್ಟ ಮಾಲನ್ನು ವಾಪಸ್ ತರಿಸುವ ನಾಟಕವನ್ನೂ ವರ್ಷಕ್ಕೊಮ್ಮೆ ಆಡಿ ತೋರಿಸಬೇಕು.

ನಾವು ತಿನ್ನುವ ಸೊಪ್ಪಿಗೆ ಈ ಯಾವ ಕಾಟವೂ ಇಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆ ಹೊಲದ ಬದುವಿನವರೆಗೆ ಬಂದು, ಚಪ್ಪಲಿ ಬಿಟ್ಟು, ಕೈಮುಗಿದು ಹೊರಗೇ ನಿಲ್ಲುತ್ತದೆ. ರೈತರಿಗೂ ಅವರ ಬೆಳೆಗೂ ಇದು ಅನ್ವಯಿಸುವುದಿಲ್ಲ ಅಂತ 18ನೇ ಸೆಕ್ಷನ್ನಿನಲ್ಲೇ ಇದೆ. ಅದು ಸರಿಯೇ ಬಿಡಿ. ಎರಡು ಎಕರೆಯವನ ಮೇಲೆ ಇನ್‌ಸ್ಪೆಕ್ಟರನ್ನು ಛೂ ಬಿಟ್ಟರೆ, ಅವನು ಸೊಪ್ಪಿನ ಕಟ್ಟಿನ ಜೊತೆ ಬೇರೆ ಕಟ್ಟನ್ನೂ ಕೊಡಬೇಕಾದೀತು.

ಆದರೂ ನಮ್ಮ ಹೊಟ್ಟೆಗೂ ಒಂದು ಫೈಲು ಇರಲಿ, ಅಲ್ವಾ? ಬಿಡದಿ ಹತ್ತಿರದ ಬೈರಮಂಗಲದ ಕಡೆಯ ಹೊಲವೊಂದಕ್ಕೆ ನಾನೇ ಬರೆಯಲು ಕೂತೆ. ನೀರಿನ ಮೂಲ: ವೃಷಭಾವತಿ ನದಿ. ನೀರಿನ ಬಣ್ಣ: ಮೇಲೆ ಕಾರ್ಖಾನೆಯವರು ಆ ದಿನ ಬಿಟ್ಟಿದ್ದು. ಕೈ ತೊಳೆಯಲು ಸೋಪು: ಬೇರೆ ಬೇಕಿಲ್ಲ, ಕಾಲುವೆಯಲ್ಲೇ ಬೇಕಾದಷ್ಟು ನೊರೆ ಇದೆ. ಕೊಯ್ದ ಸೊಪ್ಪನ್ನು ತೊಳೆಯುವುದು: ಅದೇ ಕಾಲುವೆಯಲ್ಲಿ, ಮಾರ್ಕೆಟ್ಟಿನಲ್ಲಿ ಫಳಫಳ ಅನ್ನಬೇಕಲ್ಲ. ಔಷಧಿ ಹೊಡೆದ ಮೇಲೆ ಕೊಯ್ಯಲು ಎಷ್ಟು ದಿನ ಕಾಯಬೇಕು: ರೇಟು ಬರುವವರೆಗೆ. ಪೌಷ್ಟಿಕಾಂಶ: ಸೊಪ್ಪಿನಲ್ಲಿ ಕಬ್ಬಿಣ ಇರುತ್ತದೆಂದು ಡಾಕ್ಟರೇ ಹೇಳುತ್ತಾರೆ. ಸೀಸ, ಕ್ಯಾಡ್ಮಿಯಂ ಕೊಸರು.

ಮಾಲು ಎಲ್ಲಿಂದ ಬಂತೆಂದು ಪತ್ತೆ ಹಚ್ಚುವ ಕಾಲಮ್ಮಿನಲ್ಲಿ ಮಾತ್ರ ಮಿಡಿಸೌತೆಗಿಂತ ನಾವೇ ಮುಂದೆ. ಬಾರ್‌ಕೋಡ್ ಗೀರ್‌ಕೋಡ್ ಏನೂ ಬೇಡ. ರೈತನನ್ನು ಕೇಳಿದರೆ ಕಾಲುವೆ ತೋರಿಸುತ್ತಾನೆ. ಕಾಲುವೆ ಹಿಡಿದು ಹೋದರೆ ಕೆರೆ. ಕೆರೆಯಿಂದ ಮೇಲಕ್ಕೆ ನದಿ. ನದಿಯ ಜಾಡು ಹಿಡಿದರೆ ಸೀದಾ ಬೆಂಗಳೂರು, ಅಲ್ಲೊಂದು ಅಪಾರ್ಟ್‌ಮೆಂಟು, ಅದರ ಮೂರನೇ ಮಹಡಿಯ ಮನೆ, ಆ ಮನೆಯ ಫ್ಲಶ್ಶು. ಮನೆಯ ಯಜಮಾನರು ಕೆಳಗೆ ಗೇಟಿನ ಹತ್ತಿರ ಒಂದೊಂದೇ ಕಟ್ಟು ಎತ್ತಿ ಮೂಸುತ್ತಾ ಗಾಡಿಯಾಕೆಯನ್ನು ಕೇಳುತ್ತಿರುತ್ತಾರೆ: "ಏನಮ್ಮಾ, ಸೊಪ್ಪು ಒಳ್ಳೆ ನೀರಲ್ಲಿ ಬೆಳೆದಿದ್ದು ತಾನೇ?"